ಆಫ್‌ಸೀಸನ್ನಲ್ಲಿ ನಿಮ್ಮ ಎನ್‌ಬಿಎ ಟೀಮಿಗೆ ಯಾವ ಪೊಸಿಷನ್ ಬೇಕು ಅಂತ ಕಂಡುಹಿಡಿಯೋದು ಹೇಗೆ

ಜೂನ್ ಬಂತು ಅಂದ್ರೆ ಅಮೆರಿಕದ ಬ್ಯಾಸ್ಕೆಟ್‌ಬಾಲ್ ಲೀಗಾದ ಎನ್‌ಬಿಎಯ ಎಲ್ಲಾ ಟೀಮಿನ ಫ್ಯಾನ್ಸ್ ಮಧ್ಯೆನೂ ಅದೇ ಜಗಳ, ನಮಗೆ ಸೆಂಟರ್ (ಬುಟ್ಟಿ ಹತ್ರ ಆಡೋ ಉದ್ದದ ಆಟಗಾರ) ಬೇಕು, ಇಲ್ಲ ಪಾಯಿಂಟ್ ಗಾರ್ಡ್ (ಬಾಲ್ ಹಿಡಿದು ಆಟ ನಡೆಸೋನು) ಬೇಕು, ಅಲ್ಲಪ್ಪಾ ನಮಗೆ ಬೇಕಿರೋದು ಡಿಫೆನ್ಸ್ ಮಾಡೋ ವಿಂಗು (ಪಕ್ಕದಲ್ಲಿ ಆಡೋನು) ಅಂತ. ಹೆಚ್ಚಿನವರು ಇದನ್ನ ಹೇಗೆ ತೀರ್ಮಾನ ಮಾಡ್ತಾರೆ ಅಂದ್ರೆ ಒಂದು ಹಾಳೆಲಿ ಐದು ಪೊಸಿಷನ್ ಬರ್ದು ಅದರ ಕೆಳಗೆ ಇರೋ ಆಟಗಾರರ ಹೆಸರು ಹಾಕ್ತಾರೆ, ಯಾವ ಕಾಲಮ್ಮಲ್ಲಿ ದೊಡ್ಡ ಹೆಸರಿಲ್ವೋ ಅಲ್ಲಿಗೆ ಆಟಗಾರ ಬೇಕು ಅಂತಾರೆ. ಈ ದಾರಿ ಸುಲಭ, ಆದ್ರೆ ಇದನ್ನ ನಂಬ್ಕೊಂಡು ದುಡ್ಡಿರೋ ದೊಡ್ಡ ದೊಡ್ಡ ಟೀಮ್‌ಗಳೇ ಎಡವಿವೆ. ನಾನು ಹೇಳೋ ದಾರಿ ಇಷ್ಟು: ಯಾವ ಕೆಲಸ ಆಗದೇ ಇದ್ದಿದ್ದಕ್ಕೆ ಟೀಮು ಸೋತಿದ್ದು ಅಂತ ಮೊದಲು ಹುಡುಕಿ, ಆಮೇಲೆ ಆ ಕೆಲಸ ಮಾಡೋಕೆ ಎಂಥಾ ಆಟಗಾರ ಬೇಕು ನೋಡಿ, ಪೊಸಿಷನ್ನಿನ ಹೆಸರು ಕೊನೇಲಿ ತಾನಾಗೇ ಬರತ್ತೆ.

ಶುರು ಮಾಡ್ಬೇಕಾಗಿರೋದು ಪ್ಲೇಆಫಲ್ಲಿ, ಅಂದ್ರೆ ರೆಗ್ಯುಲರ್ ಸೀಸನ್ ಮುಗಿದ ಮೇಲಿನ ನಾಕೌಟ್ ಸುತ್ತುಗಳಲ್ಲಿ, ಸೋತ ಕೊನೇ ಸೀರೀಸಿಂದ. 82 ಮ್ಯಾಚಿನ ರೆಗ್ಯುಲರ್ ಸೀಸನ್ನಲ್ಲಿ ಎದುರಾಳಿಗಳು ನಿಮ್ಮ ಟೀಮಿಗೆ ಅಂತಲೇ ಕೂತು ಪ್ಲಾನ್ ಮಾಡೋಕೆ ಟೈಮ್ ಇರಲ್ಲ, ಇವತ್ತು ಈ ಊರು ನಾಳೆ ಇನ್ನೊಂದೂರು ಅಂತ ಓಡಾಡ್ತಿರ್ತಾರೆ, ಆದ್ರೆ ಪ್ಲೇಆಫಲ್ಲಿ ಒಂದೇ ಟೀಮು ಹತ್ತು ಹನ್ನೆರಡು ದಿನ ನಿಮ್ಮ ಎದುರೇ ಇರತ್ತೆ, ನಿಮ್ಮ ವೀಕ್‌ನೆಸ್ ಎಲ್ಲಿದೆಯೋ ಅಲ್ಲೇ ಒತ್ತತ್ತೆ. ಇಂಡಿಯಾದಲ್ಲಿ ಕೂತು ಬೆಳಗ್ಗೆ ಬರೋ ಮ್ಯಾಚೆಲ್ಲ ಪೂರ್ತಿ ನೋಡೋಕೆ ಆಗಲ್ಲ ಅಂತ ಗೊತ್ತು, ಸೋತ ಮ್ಯಾಚ್‌ಗಳ ನಾಲ್ಕನೇ ಕ್ವಾರ್ಟರ್ ಮಾತ್ರ ತಿರುಗಿ ನೋಡಿ ಸಾಕು. ನೋಡುವಾಗ ಸ್ಕೋರ್ ಬಿಟ್ಬಿಡಿ, ಮೂರು ವಿಷಯ ಬರ್ಕೊಳ್ಳಿ. ಎದುರಾಳಿ ನಮ್ಮವರಲ್ಲಿ ಯಾರನ್ನ ಗಾರ್ಡೇ ಮಾಡ್ದೆ ಬಿಟ್ಟು ಪೇಂಟಲ್ಲಿ (ಬುಟ್ಟಿ ಮುಂದಿನ ಜಾಗದಲ್ಲಿ) ಹೋಗಿ ನಿಲ್ತಿದ್ದಾರೆ, ಬಾಲ್ ಅವರ ಕೈಲಿದ್ದಾಗ ನಮ್ಮವರಲ್ಲಿ ಯಾರನ್ನ ಹುಡುಕಿ ಹುಡುಕಿ ಅಟ್ಯಾಕ್ ಮಾಡ್ತಿದ್ದಾರೆ, ಮತ್ತೆ ಕೊನೇ ಐದು ನಿಮಿಷದಲ್ಲಿ ನಮ್ಮ ಕೋಚು ಯಾರನ್ನ ಬೆಂಚಲ್ಲಿ ಕೂರಿಸ್ತಿದ್ದಾರೆ. ಈ ಮೂರಕ್ಕೂ ಒಂದೇ ಹೆಸರು ಬಂದ್ರೆ ನಿಮ್ಮ ಕೆಲಸ ಅರ್ಧ ಮುಗೀತು. ಟೀಮು ಪ್ಲೇಆಫಿಗೇ ಹೋಗಿಲ್ಲ ಅಂದ್ರೆ ಕ್ಲಚ್ ಟೈಮ್ ನೋಡಿ, ಅಂದ್ರೆ ಕೊನೇ ಐದು ನಿಮಿಷ ಉಳಿದಿದ್ದು ಐದು ಪಾಯಿಂಟ್ ಒಳಗೆ ವ್ಯತ್ಯಾಸ ಇರೋ ಹೊತ್ತು, ಅದೂ ಒಳ್ಳೆ ಟೀಮ್‌ಗಳ ಎದುರು ಆಡಿದ್ದು ಮಾತ್ರ.

ಇದಕ್ಕೆ ನನಗೆ ಗೊತ್ತಿರೋ ಅತ್ಯುತ್ತಮ ಉದಾಹರಣೆ 2024ರ ಒಕ್ಲಹೋಮಾ ಸಿಟಿ ಥಂಡರ್, ಸ್ವಲ್ಪ ಉದ್ದಕ್ಕೇ ಹೇಳ್ತೀನಿ ಯಾಕಂದ್ರೆ ಎಲ್ಲಾ ಹೆಜ್ಜೆನೂ ಇದರಲ್ಲೇ ಇದೆ. 2023-24ರಲ್ಲಿ ಅವರು 57 ಗೆದ್ದು 25 ಸೋತು ವೆಸ್ಟಲ್ಲಿ (ಲೀಗಿನ ಎರಡು ಕಾನ್ಫರೆನ್ಸಲ್ಲಿ ಒಂದು) ನಂಬರ್ ಒನ್ ಸೀಡ್ ಆಗಿದ್ರು, ಶೇ ಗಿಲ್ಜಸ್-ಅಲೆಕ್ಸಾಂಡರ್ ಇದ್ದ, ಜೇಲನ್ ವಿಲಿಯಮ್ಸ್ ಇದ್ದ, ಚೆಟ್ ಹೋಮ್‌ಗ್ರನ್ ಇದ್ದ, ಮೂವರೂ 25 ದಾಟದ ಹುಡುಗರು. ಎರಡನೇ ರೌಂಡಲ್ಲಿ ಡಲ್ಲಾಸ್ ಮ್ಯಾವರಿಕ್ಸ್ ಕೈಲಿ 4-2 ಸೋತ್ರು. ಆ ಸೀರೀಸ್ ನೋಡಿದವರಿಗೆ ಎರಡು ವಿಷಯ ಕಣ್ಣಿಗೆ ಹೊಡೀತು. ಒಂದು, ಡಲ್ಲಾಸ್‌ನವರು ಜಾಶ್ ಗಿಡ್ಡಿಯನ್ನ ಹೊರಗಡೆ ಖಾಲಿ ಬಿಟ್ಬಿಟ್ರು, ಅವನು ತ್ರೀ (ದೂರದಿಂದ ಹಾಕೋ ಮೂರು ಪಾಯಿಂಟಿನ ಶಾಟ್) ಹಾಕಲ್ಲ ಅನ್ನೋ ಧೈರ್ಯದಲ್ಲಿ ಅವನ ಮೇಲಿದ್ದ ಡಿಫೆಂಡರ್ ಒಳಗೆ ನಿಂತು ಶೇಗೆ ಡ್ರೈವ್ ಮಾಡೋಕೆ ಜಾಗನೇ ಕೊಡ್ಲಿಲ್ಲ, ಗಿಡ್ಡಿಯ ನಿಮಿಷ ಸುಮಾರು ಅರ್ಧಕ್ಕೆ ಇಳೀತು, ಕೊನೆಗೆ ಸ್ಟಾರ್ಟಿಂಗ್ ಲೈನಪ್ಪಿಂದನೇ ತೆಗೆದ್ರು. ಎರಡನೇದು ರಿಬೌಂಡ್, ಅಂದ್ರೆ ಮಿಸ್ ಆದ ಶಾಟಿನ ಬಾಲ್ ಹಿಡಿಯೋದು. ಇಡೀ ಸೀಸನ್ ರಿಬೌಂಡಲ್ಲಿ ಲೀಗಿನ ಕೊನೇ ಸಾಲಲ್ಲಿದ್ದ ಟೀಮದು, ತೆಳ್ಳಗಿರೋ ಹೋಮ್‌ಗ್ರನ್ ಒಬ್ಬನೇ ಡಲ್ಲಾಸ್‌ನ ಸೆಂಟರ್‌ಗಳಾದ ಡೇನಿಯಲ್ ಗ್ಯಾಫರ್ಡು ಡೆರೆಕ್ ಲೈವ್ಲಿ ಇಬ್ಬರನ್ನೂ ತಡೀಬೇಕಿತ್ತು.

ಹಾಳೆ ಮೇಲೆ ಹೆಸರು ಬರೆಯೋರು ಆಗ ಏನಂತಾರೆ, ಸೆಂಟರ್ ಕಾಲಮ್ಮಲ್ಲಿ ಹೋಮ್‌ಗ್ರನ್ ಇದ್ದಾನಲ್ಲ, ಲೀಗಿನ ಒಳ್ಳೊಳ್ಳೆ ಹುಡುಗರಲ್ಲಿ ಒಬ್ಬ, ಅಲ್ಲಿ ಏನೂ ಬೇಡ, ಗಾರ್ಡ್‌ಗಳಂತೂ ರಾಶಿ ಇದ್ದಾರೆ ಅಂತಾರೆ. ಆ ಟೀಮಿನ ಮ್ಯಾನೇಜರ್ ಸ್ಯಾಮ್ ಪ್ರೆಸ್ಟಿ ಮಾಡಿದ್ದು ನೋಡಿ. ಗಿಡ್ಡಿಯನ್ನ ಶಿಕಾಗೋಗೆ ಕೊಟ್ಟು ಅಲೆಕ್ಸ್ ಕರೂಸೋನ ತಂದ್ರು, ಒಬ್ಬರಿಗೆ ಒಬ್ಬರು ನೇರ ಟ್ರೇಡ್, ಗಾರ್ಡ್ ಕೊಟ್ಟು ಗಾರ್ಡೇ ತಗೊಂಡಿದ್ದು. ಆಮೇಲೆ ನ್ಯೂಯಾರ್ಕ್ ನಿಕ್ಸಲ್ಲಿದ್ದ ಐಸಾಯಾ ಹಾರ್ಟೆನ್‌ಸ್ಟೈನ್ ಅನ್ನೋ ಏಳಡಿ ಸೆಂಟರನ್ನ ಮೂರು ವರ್ಷಕ್ಕೆ 8.7 ಕೋಟಿ ಡಾಲರ್ ಕೊಟ್ಟು ಸೈನ್ ಮಾಡಿದ್ರು, ಹೋಮ್‌ಗ್ರನ್ ಜಾಗಕ್ಕಲ್ಲ, ಅವನ ಪಕ್ಕದಲ್ಲಿ ನಿಲ್ಲೋಕೆ. ಪೊಸಿಷನ್ ಪಟ್ಟಿಯಲ್ಲಿ ಖಾಲಿನೇ ಇಲ್ಲದ ಎರಡು ಜಾಗಕ್ಕೆ ಆಟಗಾರರು ಬಂದ್ರು, ಆಗದೇ ಇದ್ದ ಎರಡು ಕೆಲಸ ಆಯ್ತು. ಮುಂದಿನ ಸೀಸನ್ 68-14, 2025ರ ಜೂನಲ್ಲಿ ಇಂಡಿಯಾನಾ ಪೇಸರ್ಸ್‌ನ ಏಳು ಮ್ಯಾಚಲ್ಲಿ ಸೋಲ್ಸಿ ಚಾಂಪಿಯನ್. ಹೋಮ್‌ಗ್ರನ್ ನವೆಂಬರಲ್ಲಿ ಸೊಂಟದ ಮೂಳೆ ಮುರ್ಕೊಂಡು ಫೆಬ್ರವರಿವರೆಗೂ ಆಡ್ಲಿಲ್ಲ, ಆಗ ಹಾರ್ಟೆನ್‌ಸ್ಟೈನ್ ಇಲ್ದೇ ಇದ್ದಿದ್ರೆ ಏನಾಗ್ತಿತ್ತೋ. ಇನ್ನು ಕರೂಸೋ ವಿಷಯ, 6 ಅಡಿ 5 ಇಂಚಿನ ಗಾರ್ಡು, ಡೆನ್ವರ್ ಎದುರಿನ ಏಳನೇ ಮ್ಯಾಚಲ್ಲಿ ಲೀಗಿನ ಅತಿ ದೊಡ್ಡ ತಲೆನೋವಾದ ನಿಕೋಲಾ ಯೋಕಿಚ್‌ನ ಮೈಗೆ ಮೈ ಕೊಟ್ಟು ಗಾರ್ಡ್ ಮಾಡ್ದ, ಥಂಡರ್ 125-93ಕ್ಕೆ ಗೆದ್ರು. ಅವನನ್ನ ಶೂಟಿಂಗ್ ಗಾರ್ಡ್ ಅಂತ ಕಾಲಮ್ಮಿಗೆ ಹಾಕಿ ಕೂತಿದ್ರೆ ಅವನು ಸೆಂಟರ್ ಕೆಲಸನೂ ಮಾಡ್ತಾನೆ ಅಂತ ಯಾರಿಗೆ ಹೊಳೀತಿತ್ತು ಹೇಳಿ.

ಕಣ್ಣಲ್ಲಿ ನೋಡಿದ್ದು ಸರಿನಾ ಅಂತ ನಂಬರಲ್ಲಿ ಚೆಕ್ ಮಾಡ್ಲೇಬೇಕು, ಯಾಕಂದ್ರೆ ಒಂದು ಕೆಟ್ಟ ಸೀರೀಸು ಮನಸ್ಸಲ್ಲಿ ಜಾಸ್ತಿ ಉಳ್ಕೊಂಡುಬಿಡತ್ತೆ. ಡೀನ್ ಆಲಿವರ್ ಅನ್ನೋ ಅನಾಲಿಸ್ಟ್ ನಾಲ್ಕು ಅಂಶ ಹೇಳಿದ್ದಾರೆ, ಇವತ್ತಿಗೂ ಶುರು ಮಾಡೋಕೆ ಅದಕ್ಕಿಂತ ಒಳ್ಳೇದು ನನಗೆ ಕಂಡಿಲ್ಲ: ಶೂಟಿಂಗ್, ಟರ್ನೋವರ್ (ಬಾಲ್ ಕಳ್ಕೊಳ್ಳೋದು), ರಿಬೌಂಡ್, ಫ್ರೀ ಥ್ರೋ, ಅವರ ಲೆಕ್ಕದಲ್ಲಿ ಇವುಗಳ ತೂಕ 40, 25, 20, 15 ಪರ್ಸೆಂಟ್. ಇದನ್ನ ನಮ್ಮ ಕೈಲಿ ಬಾಲ್ ಇದ್ದಾಗ ಒಂದು ಸಲ, ಎದುರಾಳಿ ಕೈಲಿದ್ದಾಗ ಒಂದು ಸಲ ನೋಡಿ, ಒಟ್ಟು ಎಂಟು ನಂಬರ್ ಆಗತ್ತೆ, 30 ಟೀಮಲ್ಲಿ ಪ್ರತಿಯೊಂದರಲ್ಲೂ ನಿಮ್ಮ ಟೀಮು ಎಷ್ಟನೇ ಸ್ಥಾನ ಅಂತ ಬರ್ಕೊಳ್ಳಿ. ಶೂಟಿಂಗಿಗೆ ಬರೀ ಫೀಲ್ಡ್ ಗೋಲ್ ಪರ್ಸೆಂಟೇಜ್ ತಗೋಬೇಡಿ, ತ್ರೀಗೆ ಒಂದೂವರೆ ಬೆಲೆ ಕೊಡೋ ಎಫೆಕ್ಟಿವ್ ಪರ್ಸೆಂಟೇಜ್ ತಗೊಳ್ಳಿ, ಉದಾಹರಣೆಗೆ 90 ಶಾಟಲ್ಲಿ 40 ಬಿದ್ದು ಅದರಲ್ಲಿ 12 ತ್ರೀ ಆಗಿದ್ರೆ 40ಕ್ಕೆ 12ರ ಅರ್ಧ 6 ಸೇರ್ಸಿ 46, ಅದನ್ನ 90ರಿಂದ ಭಾಗಿಸಿದ್ರೆ 51.1 ಪರ್ಸೆಂಟ್. ರಿಬೌಂಡೂ ಹಾಗೇ, ಮ್ಯಾಚಿಗೆ ಎಷ್ಟು ಅನ್ನೋ ಲೆಕ್ಕ ಮೋಸ ಮಾಡತ್ತೆ, ಜೋರಾಗಿ ಓಡೋ ಟೀಮಲ್ಲಿ ಶಾಟೇ ಜಾಸ್ತಿ ಆದ್ದರಿಂದ ರಿಬೌಂಡೂ ಜಾಸ್ತಿ ಕಾಣತ್ತೆ, ಸಿಗಬಹುದಾಗಿದ್ದರಲ್ಲಿ ಎಷ್ಟು ಪರ್ಸೆಂಟ್ ಸಿಕ್ತು ಅನ್ನೋದೇ ನಿಜವಾದ ಲೆಕ್ಕ. ಎಂಟರಲ್ಲಿ ಯಾವುದು 20ನೇ ಸ್ಥಾನಕ್ಕಿಂತ ಕೆಳಗಿದೆಯೋ ಅದು ಪ್ಲೇಆಫಲ್ಲಿ ಕಂಡ ವೀಕ್‌ನೆಸ್ ಜೊತೆ ಹೊಂದತ್ತಾ ನೋಡಿ. ಹೊಂದಿದ್ರೆ ಅದು ನಿಜವಾದ ಕೊರತೆ. ಹೊಂದದೇ ಇದ್ರೆ ಆತುರ ಬೇಡ, ಎದುರಾಳಿಯ ತ್ರೀ ಆ ವಾರ ಸುಮ್ನೆ ಬಿದ್ದಿರಬಹುದು, ಅದು ಅವರ ಅದೃಷ್ಟ, ಅದಕ್ಕೆ ಅಂತ ಆಟಗಾರನ್ನ ಕೊಂಡ್ರೆ ದುಡ್ಡು ದಂಡ.

ಇನ್ನೊಂದು ನೋಡ್ಬೇಕಾಗಿರೋದು ನಿಮ್ಮ ಸ್ಟಾರು ಬೆಂಚಲ್ಲಿ ಕೂತಾಗ ಏನಾಗತ್ತೆ ಅಂತ. ಡೆನ್ವರ್ ಫ್ಯಾನ್ಸಿಗೆ ಇದನ್ನ ಯಾರೂ ಹೇಳ್ಬೇಕಾಗಿಲ್ಲ. ಯೋಕಿಚ್ 34-37 ನಿಮಿಷ ಆಡ್ತಾನೆ, ಉಳಿದ ಹನ್ನೊಂದರಿಂದ ಹದಿನಾಲ್ಕು ನಿಮಿಷದಲ್ಲಿ ಅವನು ಕಷ್ಟಪಟ್ಟು ತಂದ ಲೀಡೆಲ್ಲ ಕರಗಿ ಹೋಗೋದನ್ನ ವರ್ಷಗಟ್ಟಲೆ ನೋಡಿದ್ದಾರೆ. ಪಟ್ಟಿ ಪ್ರಕಾರ ಆ ಟೀಮಿಗೆ ಸೆಂಟರ್ ಕೊರತೆ ಇರೋಕೆ ಸಾಧ್ಯನೇ ಇಲ್ಲ, ಪ್ರಪಂಚದ ನಂಬರ್ ಒನ್ ಸೆಂಟರೇ ಅಲ್ಲಿದ್ದಾನೆ, ಆದ್ರೂ 2025ರ ಬೇಸಿಗೆಲಿ ಅವರು ಸ್ಯಾಕ್ರಮೆಂಟೋಗೆ ಡಾರಿಯೋ ಶಾರಿಚ್‌ನ ಕೊಟ್ಟು ಯೋನಸ್ ವಲಾನ್ಚುನಸ್‌ನ ಬ್ಯಾಕಪ್ ಸೆಂಟರಾಗಿ ತಂದಿದ್ದು ಸರಿಯಾದ ಕೆಲಸ ಅಂತಲೇ ನಾನು ಹೇಳೋದು. ಆದ್ರೆ ಆನ್-ಆಫ್ ನಂಬರನ್ನ (ಆಟಗಾರ ಕೋರ್ಟಲ್ಲಿದ್ದಾಗ ಮತ್ತೆ ಇಲ್ಲದಾಗ ಟೀಮು ಆಡೋದರ ವ್ಯತ್ಯಾಸ) ಒಂದೇ ಸೀಸನ್ನಿಂದು ನೋಡಿ ನಂಬ್ಬೇಡಿ, ಬ್ಯಾಕಪ್‌ಗಳು ಆಡೋ ನಿಮಿಷ ಕಮ್ಮಿ, ಎರಡು ಮೂರು ಮ್ಯಾಚಲ್ಲಿ ಎದುರಾಳಿ ಚೆನ್ನಾಗಿ ಹೊಡೆದ್ರೂ ಪೂರ್ತಿ ಲೆಕ್ಕ ತಲೆಕೆಳಗಾಗತ್ತೆ. ಎರಡು ಮೂರು ಸೀಸನ್ ಒಂದೇ ಕಥೆ ಹೇಳ್ತಿದ್ರೆ ಮಾತ್ರ ನಂಬಿ.

ಈಗ ಕೊರತೆ ಏನು ಅಂತ ಗೊತ್ತಾಯ್ತು ಅಂದ್ಕೊಳ್ಳಿ, ಅದನ್ನ ಪೊಸಿಷನ್ನಾಗಿ ಬದಲಾಯಿಸುವಾಗಲೇ ಹೆಚ್ಚು ತಪ್ಪಾಗೋದು. ಫೀನಿಕ್ಸ್ ಸನ್ಸ್ ನೋಡಿ. 2023ರಲ್ಲಿ ಡೆವಿನ್ ಬುಕರ್, ಕೆವಿನ್ ಡುರಾಂಟ್ ಇದ್ದ ಟೀಮಿಗೆ ಬ್ರ್ಯಾಡ್ಲಿ ಬೀಲ್‌ನೂ ತಂದ್ರು, ಮೂವರೂ ಸ್ಕೋರರ್‌ಗಳೇ, 2024ರ ಮೊದಲ ರೌಂಡಲ್ಲಿ ಮಿನೆಸೋಟ ಕೈಲಿ 4-0. ಆಗ ಎಲ್ಲರೂ ಹೇಳಿದ್ದು ಈ ಟೀಮಲ್ಲಿ ನಿಜವಾದ ಪಾಯಿಂಟ್ ಗಾರ್ಡೇ ಇಲ್ಲ ಅಂತ, ಮಾತು ನಿಜನೂ ಹೌದು. ಆ ಬೇಸಿಗೆ ಟೈಯಸ್ ಜೋನ್ಸ್ ಮಿನಿಮಮ್ ಸಂಬಳಕ್ಕೇ ಸಿಕ್ಕ, ಬಾಲ್ ಕಳ್ಕೊಳ್ಳೋದೇ ಇಲ್ಲ ಅನ್ನೋ ಹೆಸರಿರೋ ಆಟಗಾರ, ಇದಕ್ಕಿಂತ ಅಗ್ಗಕ್ಕೆ ಒಳ್ಳೆ ಪಾಯಿಂಟ್ ಗಾರ್ಡ್ ಸಿಗಲ್ಲ. ಮುಂದಿನ ಸೀಸನ್ 36-46, ಪ್ಲೇಆಫೂ ಇಲ್ಲ. ಯಾಕಂದ್ರೆ ಮಿನೆಸೋಟ ಆ ಸೀರೀಸಲ್ಲಿ ಒಡೆದಿದ್ದು ಡಿಫೆನ್ಸನ್ನ, ಆಂಥನಿ ಎಡ್ವರ್ಡ್ಸ್‌ನ ತಡೆಯೋಕೆ ಹೊರಗೂ ಯಾರಿಲ್ಲ ಒಳಗೂ ಉದ್ದ ಕೈ ಇರೋರಿಲ್ಲ, ಅಲ್ಲಿಗೆ ಇನ್ನೊಬ್ಬ ಸಣ್ಣ ಗಾರ್ಡನ್ನ ಸೇರಿಸಿದ್ರೆ ಆಫೆನ್ಸ್ ಸ್ವಲ್ಪ ನಯ ಆಗತ್ತೆ ಅಷ್ಟೇ, ಡಿಫೆನ್ಸ್ ಇನ್ನೂ ಕೆಳಗೆ ಹೋಗತ್ತೆ, ಹೋಯ್ತೂ ಕೂಡ.

ಇಂಥಾ ತಪ್ಪು ತಡೆಯೋಕೆ ಒಂದು ಲೆಕ್ಕ ಇದೆ, ದಯವಿಟ್ಟು ಇದನ್ನ ಬಿಡ್ಬೇಡಿ. ಒಂದು ಮ್ಯಾಚು 48 ನಿಮಿಷ, ಕೋರ್ಟಲ್ಲಿ ಐದು ಜನ, ಒಟ್ಟು 240 ನಿಮಿಷ. ಈಗಿರೋ ಆಟಗಾರರಿಗೆ ಈ 240ನ್ನ ಹಂಚಿ, ಸ್ಟಾರಿಗೆ 36, ಎರಡನೇಯವನಿಗೆ 34 ಹೀಗೆ. ನೀವು ತರಬೇಕು ಅಂತಿರೋ ಹೊಸಬನಿಗೆ ಯಾರ ನಿಮಿಷ ಕಿತ್ತು ಕೊಡ್ತೀರಿ ಬರೀರಿ, ಆ ಕಿತ್ತ ನಿಮಿಷದಲ್ಲಿ ಹಳಬ ಏನು ಮಾಡ್ತಿದ್ದ, ಅದನ್ನ ಈಗ ಯಾರು ಮಾಡ್ತಾರೆ ಅಂತಾನೂ ಬರೀರಿ. ಮಿಲ್ವಾಕಿ 2023ರಲ್ಲಿ ಡೇಮಿಯನ್ ಲಿಲ್ಲರ್ಡ್‌ನ ತಂದಾಗ ಜ್ರೂ ಹಾಲಿಡೇ ಕೈ ತಪ್ಪಿದ, ಕೊನೇ ನಿಮಿಷಗಳಲ್ಲಿ ಶಾಟ್ ಹಾಕೋನು ಸಿಕ್ಕ ಆದ್ರೆ ಎದುರಾಳಿಯ ಒಳ್ಳೆ ಗಾರ್ಡನ್ನ ತಡೆಯೋನು ಹೋದ, ಆ ಹಾಲಿಡೇ ಪೋರ್ಟ್‌ಲ್ಯಾಂಡ್ ಮೂಲಕ ಬಾಸ್ಟನ್ ಸೇರಿ ಅದೇ ಸೀಸನ್ ಚಾಂಪಿಯನ್ ಆದ. ಹೊಸಬನಿಗೆ 240ರಲ್ಲಿ 25 ನಿಮಿಷ ಹುಡುಕೋಕೆ ಆಗ್ತಿಲ್ಲ ಅಂದ್ರೆ ಆ ಪೊಸಿಷನ್ನಿಗೆ ದೊಡ್ಡ ದುಡ್ಡು ಹಾಕೋ ಅಗತ್ಯ ಇಲ್ಲ, ಬ್ಯಾಕಪ್ ಸಾಕು.

ಗಾಯ ಮತ್ತೆ ವಯಸ್ಸು ಬೇಗ ಹೇಳಿ ಮುಗಿಸ್ತೀನಿ. ಗಾಯದಿಂದ ಕೂತಿದ್ದ ಆಟಗಾರ ವಾಪಸ್ ಬಂದ್ರೆ ತುಂಬೋ ಜಾಗವನ್ನ ಕೊರತೆ ಅಂತ ಲೆಕ್ಕ ಹಾಕ್ಬೇಡಿ, 2024ರಲ್ಲಿ ಮಿಲ್ವಾಕಿಯ ದೊಡ್ಡ ಸ್ಟಾರ್ ಯಾನಿಸ್ ಒಂದು ಮ್ಯಾಚೂ ಆಡದ ಇಂಡಿಯಾನಾ ಸೀರೀಸ್ ಇಟ್ಕೊಂಡು ಮಿಲ್ವಾಕಿಗೆ ಏನು ಬೇಕು ಅಂತ ಹೇಳೋಕಾಗಲ್ಲ. 21-22 ವಯಸ್ಸಿನ ಹುಡುಗ ಇನ್ನೂ ಬೆಳೀತಾನೆ, ಅವನಿರೋ ಜಾಗಕ್ಕೆ ಒಂದು ವರ್ಷ ಟೈಮ್ ಕೊಡಿ. 33 ದಾಟಿದವನು ಈ ವರ್ಷ ಚೆನ್ನಾಗಿ ಆಡಿದ್ರೂ ಅವನ ಹಿಂದೆ ಒಬ್ಬ ಇರ್ಬೇಕು.

ಎದುರಾಳಿ ಯಾರು ಅನ್ನೋದನ್ನೂ ಮರೀಬೇಡಿ. ಟಿಮ್ ಕಾನ್ಲಿ ಡೆನ್ವರ್ ಟೀಮನ್ನ ಕಟ್ಟಿದವರು, 2022ರಲ್ಲಿ ಮಿನೆಸೋಟಕ್ಕೆ ಬಂದವರೇ ಕಾರ್ಲ್-ಆಂಥನಿ ಟೌನ್ಸ್ ಅನ್ನೋ ದೊಡ್ಡ ಆಟಗಾರ ಆಗಲೇ ಇದ್ದ ಟೀಮಿಗೆ ರೂಡಿ ಗೋಬೇರ್‌ನ ತುಂಬಾ ಪಿಕ್ (ಡ್ರಾಫ್ಟಲ್ಲಿ ಹೊಸ ಹುಡುಗರನ್ನ ಆರಿಸೋ ಸರದಿ) ಕೊಟ್ಟು ತಂದ್ರು, ಎರಡು ಸೆಂಟರ್ ಯಾಕೆ ಅಂತ ಊರೆಲ್ಲ ಬೈದ್ರು. ಆದ್ರೆ ವೆಸ್ಟಲ್ಲಿ ಮೇಲೆ ಹೋಗ್ಬೇಕು ಅಂದ್ರೆ ಯೋಕಿಚ್‌ನ ದಾಟಲೇಬೇಕಲ್ಲ. 2024ರ ಎರಡನೇ ರೌಂಡಿನ ಏಳನೇ ಮ್ಯಾಚಲ್ಲಿ, ಡೆನ್ವರಲ್ಲೇ, 20 ಪಾಯಿಂಟ್ ಹಿಂದಿದ್ದು ಮಿನೆಸೋಟ ಗೆದ್ದು ಬಂತು, ಟೌನ್ಸ್ ಯೋಕಿಚ್ ಮೇಲೆ, ಗೋಬೇರ್ ಹಿಂದಿಂದ ಹೆಲ್ಪ್. ನಿಮ್ಮ ಕಾನ್ಫರೆನ್ಸಲ್ಲಿ ಮುಂದಿನ ಮೂರು ವರ್ಷ ಯಾರನ್ನ ಎದುರಿಸ್ಬೇಕು ಬರೀರಿ, ವೆಸ್ಟಲ್ಲಿದ್ರೆ ಯೋಕಿಚ್ ಜೊತೆ ಸ್ಯಾನ್ ಆಂಟೋನಿಯೋದ ಉದ್ದದ ಆಟಗಾರ ವೆಂಬನ್ಯಾಮಾ ಹೆಸರೂ ಬರತ್ತೆ, ಪಟ್ಟಿಲಿರೋ ಒಬ್ಬೊಬ್ಬರನ್ನೂ ನಮ್ಮಲ್ಲಿ ಯಾರು ಗಾರ್ಡ್ ಮಾಡ್ತಾರೆ ಅಂತ ಪಕ್ಕದಲ್ಲಿ ಹೆಸರು ಹಾಕಿ. ಹೆಸರು ಬರೆಯೋಕೆ ಕೈ ನಿಂತಲ್ಲೇ ಕೊರತೆ ಇದೆ.

ಇನ್ನು ದುಡ್ಡು. ಇದಿಲ್ದೆ ಮಾಡಿದ ಪ್ಲಾನ್ ಬರೀ ಆಸೆ. 2025-26ಕ್ಕೆ ಸ್ಯಾಲರಿ ಕ್ಯಾಪ್, ಅಂದ್ರೆ ಟೀಮಿನ ಒಟ್ಟು ಸಂಬಳದ ಮಿತಿ, ಸುಮಾರು 15.46 ಕೋಟಿ ಡಾಲರ್ ಇತ್ತು, ಸೆಕೆಂಡ್ ಏಪ್ರನ್ ಅನ್ನೋ ಮೇಲಿನ ಗೆರೆ 20.78 ಕೋಟಿ. ಮಿಡ್-ಲೆವೆಲ್ ಎಕ್ಸೆಪ್ಷನ್ (ಕ್ಯಾಪ್ ದಾಟಿದ ಮೇಲೂ ಆಟಗಾರನನ್ನ ಸೈನ್ ಮಾಡೋಕೆ ಇರೋ ವಿನಾಯ್ತಿ) ಪೂರ್ತಿ ಸಿಗೋ ಟೀಮು ಆ ಸೀಸನ್ನಿಗೆ ವರ್ಷಕ್ಕೆ 1.41 ಕೋಟಿ ಡಾಲರ್‌ವರೆಗೂ ಒಬ್ಬನನ್ನ ಸೈನ್ ಮಾಡ್ಬಹುದಿತ್ತು, ಅದರ ಕೆಳಗಿನ ಫಸ್ಟ್ ಏಪ್ರನ್ ಅನ್ನೋ ಗೆರೆ ದಾಟಿದ ಟೀಮಿಗೆ ಸುಮಾರು 57 ಲಕ್ಷ ಅಷ್ಟೇ, ಸೆಕೆಂಡ್ ಏಪ್ರನ್ ದಾಟಿದವರಿಗೆ ಅದೂ ಇಲ್ಲ, ಜೊತೆಗೆ ಇಬ್ಬರ ಸಂಬಳ ಒಟ್ಟು ಸೇರಿಸಿ ಒಬ್ಬ ದೊಡ್ಡ ಆಟಗಾರನ್ನ ಟ್ರೇಡಲ್ಲಿ ತರೋಕೂ ಆಗಲ್ಲ. ಆದ್ದರಿಂದ ನಿಮ್ಮ ಟೀಮು ಯಾವ ಗೆರೆ ಹತ್ರ ಇದೆ ನೋಡಿ, ಆಮೇಲೆ ಆ ವರ್ಷದ ಮಾರ್ಕೆಟಲ್ಲಿ ಏನು ಅಗ್ಗ ಏನು ದುಬಾರಿ ನೋಡಿ. ಸಾಮಾನ್ಯವಾಗಿ ಬ್ಯಾಕಪ್ ಸೆಂಟರ್, ಬ್ಯಾಕಪ್ ಪಾಯಿಂಟ್ ಗಾರ್ಡ್ ಕಮ್ಮಿ ದುಡ್ಡಿಗೆ ಸಿಗ್ತಾರೆ, ತ್ರೀನೂ ಹಾಕಿ ಎರಡು ಮೂರು ಪೊಸಿಷನ್ನೂ ಗಾರ್ಡ್ ಮಾಡೋ 6 ಅಡಿ 7 ಇಂಚಿನ ವಿಂಗ್ ಫ್ರೀ ಏಜೆನ್ಸಿಲಿ (ಕಾಂಟ್ರ್ಯಾಕ್ಟ್ ಮುಗಿದ ಆಟಗಾರರ ಮಾರ್ಕೆಟಲ್ಲಿ) ಬರೋದೇ ಅಪರೂಪ, ಬಂದ್ರೂ ಬೆಲೆ ಕೈಗೆಟುಕಲ್ಲ. ಎರಡೂ ಕೊರತೆ ಇದ್ರೆ ಪಿಕ್‌ಗಳನ್ನೂ ಟ್ರೇಡನ್ನೂ ವಿಂಗಿಗೆ ಇಟ್ಕೊಳ್ಳಿ, ಸಣ್ಣ ಎಕ್ಸೆಪ್ಷನ್ನನ್ನ ಸೆಂಟರಿಗೆ ಹಾಕಿ. ಥಂಡರ್ ಇಲ್ಲೂ ಲೆಕ್ಕ ಸರಿ ಹಾಕಿದ್ರು, ವಿಲಿಯಮ್ಸ್ ಮತ್ತೆ ಹೋಮ್‌ಗ್ರನ್ ಇನ್ನೂ ರೂಕಿ ಸಂಬಳದಲ್ಲಿದ್ದಾಗಲೇ ಹಾರ್ಟೆನ್‌ಸ್ಟೈನಿಗೆ ದೊಡ್ಡ ಸಂಬಳ ಕೊಟ್ಟು ಮೂರನೇ ವರ್ಷ ಟೀಮ್ ಆಪ್ಷನ್ (ಇಟ್ಕೊಳ್ಳೋದೋ ಬಿಡೋದೋ ಟೀಮಿನ ಇಷ್ಟ) ಇಟ್ಕೊಂಡ್ರು, ಆ ಇಬ್ಬರ ದೊಡ್ಡ ಕಾಂಟ್ರ್ಯಾಕ್ಟ್ ಶುರುವಾಗೋದೂ ಅದೇ 2026-27ಕ್ಕೇ.

ಹೊಸ ಹುಡುಗರನ್ನ ಟೀಮ್‌ಗಳು ಸರದಿ ಪ್ರಕಾರ ಆರಿಸ್ಕೊಳ್ಳೋ ಡ್ರಾಫ್ಟಿಗೆ ಮಾತ್ರ ಇದ್ಯಾವುದನ್ನೂ ತರಬೇಡಿ. ಡ್ರಾಫ್ಟಲ್ಲಿ ಸಿಕ್ಕ 19 ವರ್ಷದ ಹುಡುಗ ಕೆಲಸಕ್ಕೆ ಬರೋ ಹೊತ್ತಿಗೆ ಇವತ್ತಿನ ಕೊರತೆ ಇರಲ್ಲ, ಬೇರೇದೇ ಇರತ್ತೆ. 1984ರಲ್ಲಿ ಪೋರ್ಟ್‌ಲ್ಯಾಂಡ್ ಹತ್ರ ಹಿಂದಿನ ವರ್ಷ ತಗೊಂಡ ಕ್ಲೈಡ್ ಡ್ರೆಕ್ಸ್ಲರ್ ಅನ್ನೋ ಶೂಟಿಂಗ್ ಗಾರ್ಡ್ ಇದ್ದ, ಸೆಂಟರ್ ಬೇಕು ಅಂತ ಎರಡನೇ ಪಿಕ್ಕಲ್ಲಿ ಸ್ಯಾಮ್ ಬೋವಿನ ತಗೊಂಡ್ರು, ಮೂರನೇದ್ರಲ್ಲಿ ಶಿಕಾಗೋಗೆ ಮೈಕಲ್ ಜಾರ್ಡನ್ ಹೋದ. ಈ ಕಥೆ ಎಲ್ಲರಿಗೂ ಗೊತ್ತು, ಆದ್ರೆ ಅದೇ ಡ್ರಾಫ್ಟಿನ ಮೊದಲ ಪಿಕ್ ಯಾರೂ ನೆನೆಸ್ಕೊಳ್ಳಲ್ಲ: ಹ್ಯೂಸ್ಟನ್ ಹತ್ರ 7 ಅಡಿ 4 ಇಂಚಿನ ರಾಲ್ಫ್ ಸ್ಯಾಂಪ್ಸನ್ ಆಗಲೇ ಇದ್ದ, ಆದ್ರೂ ಹಕೀಮ್ ಒಲಾಜುವಾನ್‌ನ ತಗೊಂಡ್ರು, 1986ರಲ್ಲಿ ಇಬ್ಬರೂ ಸೇರಿ ಫೈನಲ್ಸಿಗೆ ಹೋದ್ರು, ಸ್ಯಾಂಪ್ಸನ್ ಹೋದ ಎಷ್ಟೋ ವರ್ಷದ ಮೇಲೆ 1994, 1995ರಲ್ಲಿ ಹಕೀಮ್ ಎರಡು ಚಾಂಪಿಯನ್‌ಶಿಪ್ ತಂದ. ಥಂಡರೂ ಆ 2024ರ ಬೇಸಿಗೆಲೇ 12ನೇ ಪಿಕ್ಕಲ್ಲಿ ಮಂಡಿಗೆ ಗಾಯ ಆಗಿದ್ದ ನಿಕೋಲಾ ಟೋಪಿಚ್ ಅನ್ನೋ ಗಾರ್ಡನ್ನ ತಗೊಂಡ್ರು, ಆ ಸೀಸನ್ ಪೂರ್ತಿ ಅವನು ಆಡ್ಲೇ ಇಲ್ಲ, ಕೊರತೆ ತುಂಬೋ ಕೆಲಸನ ಪೂರ್ತಿ ಟ್ರೇಡಿಗೂ ಫ್ರೀ ಏಜೆನ್ಸಿಗೂ ಬಿಟ್ಟಿದ್ರು.

ಇಷ್ಟೆಲ್ಲ ಆದ ಮೇಲೆ ನಿರ್ಧಾರವನ್ನ ಒಂದೇ ವಾಕ್ಯದಲ್ಲಿ ಬರೀರಿ, ಅದರಲ್ಲಿ ಕೆಲಸ, ಯಾರ ಜೊತೆ ಆಡ್ಬೇಕು, ಯಾರ ಎದುರು ಆಡ್ಬೇಕು, ಎಷ್ಟು ನಿಮಿಷ, ಇಷ್ಟೂ ಇರ್ಲಿ. 2025ರ ಲೇಕರ್ಸ್‌ಗೆ ಮಾಡಿ ತೋರಿಸ್ತೀನಿ. ಫೆಬ್ರವರಿಲಿ ಆಂಥನಿ ಡೇವಿಸ್‌ನ ಕೊಟ್ಟು ಲೂಕಾ ಡಾನ್ಚಿಚ್‌ನ ತಂದ್ರು, ಸೆಂಟರ್ ಮಾರ್ಕ್ ವಿಲಿಯಮ್ಸ್‌ಗಾಗಿ ಮಾಡಿದ ಟ್ರೇಡು ಮೆಡಿಕಲ್ ಟೆಸ್ಟಲ್ಲಿ ರದ್ದಾಯ್ತು, ಮಿನೆಸೋಟ ಎದುರು ನಾಲ್ಕನೇ ಮ್ಯಾಚಲ್ಲಿ ಕೋಚ್ ಜೆಜೆ ರೆಡಿಕ್ ದೊಡ್ಡ ಆಟಗಾರನೇ ಇಲ್ಲದ ಒಂದೇ ಐದು ಜನರನ್ನ ಸೆಕೆಂಡ್ ಹಾಫ್ ಪೂರ್ತಿ ಆಡಿಸಿದ್ರು, ಐದನೇ ಮ್ಯಾಚಲ್ಲಿ ಮಿನೆಸೋಟ 47 ತ್ರೀ ಹಾಕಿ ಬರೀ 7 ಬಿದ್ರೂ ಗೆದ್ದುಬಿಡ್ತು, ಗೋಬೇರ್ ಒಬ್ಬನೇ 27 ಪಾಯಿಂಟ್ 24 ರಿಬೌಂಡ್. ಅಷ್ಟು ಕೆಟ್ಟದಾಗಿ ಶೂಟ್ ಮಾಡಿದ ಟೀಮಿಗೆ ಸೋಲೋದು ಅಂದ್ರೆ ಕೊರತೆ ಎಲ್ಲಿದೆ ಅಂತ ಬೇರೆ ಹೇಳ್ಬೇಕಾಗಿಲ್ಲ. ವಾಕ್ಯ ಹೀಗಾಗತ್ತೆ: "ಲೂಕಾ ಜೊತೆ ಪಿಕ್ ಅಂಡ್ ರೋಲ್ ಆಡಿ ರಿಮ್ ಹತ್ರ ಫಿನಿಷ್ ಮಾಡೋ, ಗೋಬೇರ್ ಥರದವರನ್ನ ಬಾಕ್ಸ್ ಔಟ್ ಮಾಡೋ, ದಿನಾ 28 ನಿಮಿಷ ಆಡೋ ದೊಡ್ಡ ಆಟಗಾರ, ದೊಡ್ಡ ಪಿಕ್ ಕೊಡದೆ." ಜುಲೈನಲ್ಲಿ ಪೋರ್ಟ್‌ಲ್ಯಾಂಡ್ ಬೈಔಟ್ ಮಾಡಿದ (ಕಾಂಟ್ರ್ಯಾಕ್ಟ್ ಮುಗಿಸಿ ಬಿಟ್ಟುಕೊಟ್ಟ) ಸೆಂಟರ್ ಡಿಆಂಡ್ರೆ ಏಟನ್ ಸಿಕ್ಕಿದ, ಇದರಲ್ಲಿ ಹೆಚ್ಚಿನದಕ್ಕೆ ಹೊಂದ್ತಾನೆ. ನಿಮ್ಮ ಟೀಮಿನ ವಾಕ್ಯನ ಜೂನ್ ಕೊನೇಲಿ ಫ್ರೀ ಏಜೆನ್ಸಿ ಶುರುವಾಗೋ ಮೊದಲೇ ಬರೆದಿಟ್ಕೊಳ್ಳಿ, ಅದರ ಕೆಳಗೆ ಒಂದೇ ಹೆಸರಲ್ಲ, ಬೇರೆ ಬೇರೆ ಬೆಲೆಯ ಮೂರು ನಾಲ್ಕು ಹೆಸರು ಹಾಕಿ, ಮೊದಲ ಕೆಲವೇ ಗಂಟೆಲಿ ಒಳ್ಳೊಳ್ಳೆಯವರೆಲ್ಲ ಖಾಲಿ ಆಗ್ತಾರೆ.